700 ಮೀಟರ್ ಕಲ್ಲನ್ನು ಬಿಸಿಲು ತಿರುಗಿಸುತ್ತೆ ಅಂದ್ರೆ ನಂಬೋದು ಹೇಗೆ? (ಡಿಂಕಿನೆಶ್ ಬಗ್ಗೆ)

ಅರೆನಿದ್ದೆ
ಡಿಂಕಿನೆಶ್ ಅನ್ನೋ ಕ್ಷುದ್ರಗ್ರಹದ ಬಗ್ಗೆ ಓದುತ್ತಾ ಇದ್ದೇನೆ. ಮಂಗಳ, ಗುರು ಇವೆರಡರ ನಡುವಿನ ಮುಖ್ಯ ಪಟ್ಟಿಯ ಒಳ ಅಂಚಿನಲ್ಲಿ ಸುತ್ತುವ ಕಲ್ಲು ಅದು. ಸೂರ್ಯನಿಂದ ಸರಾಸರಿ ದೂರ 2.19 ಖಗೋಳಮಾನ, ಅಂದ್ರೆ ಭೂಮಿಗೂ ಸೂರ್ಯನಿಗೂ ಇರುವ ದೂರದ 2.19 ಪಟ್ಟು. ಅಗಲ ಸುಮಾರು 720 ಮೀಟರ್, ಅಷ್ಟೇ. 2023ರ ನವೆಂಬರ್ 1ರಂದು ನಾಸಾದ ಲೂಸಿ ನೌಕೆ ಇದರ ಪಕ್ಕದಲ್ಲೇ ಹಾದುಹೋಯಿತು. ಅದಕ್ಕೊಂದು ಪುಟ್ಟ ಚಂದ್ರ ಇರೋದು ಆಗಲೇ ಗೊತ್ತಾಗಿದ್ದು. ಹೆಸರು ಸೆಲಾಮ್. ಇಲ್ಲಿವರೆಗೂ ಏನೂ ತಕರಾರಿಲ್ಲ.

ನನಗೆ ಗಂಟಲಲ್ಲಿ ಇಳಿಯದ ಮಾತು ಬೇರೆ. ಬಿಸಿಲು ಈ ಕಲ್ಲನ್ನು ಜೋರಾಗಿ ತಿರುಗಿಸಿತು, ತಿರುಗೋ ರಭಸಕ್ಕೆ ಅದರ ಮೈಯಿಂದ ಕಲ್ಲು ಮಣ್ಣು ಕಿತ್ತುಬಂತು, ಅದೇ ಒಟ್ಟುಗೂಡಿ ಚಂದ್ರ ಆಯಿತು ಅಂತ ವಿವರಣೆ ಕೊಡ್ತಾರೆ. ಬಿಸಿಲಿಗೆ ಅಷ್ಟು ತಾಕತ್ತು ಇದೆಯಾ? ಕೋಟಿಗಟ್ಟಲೆ ಟನ್ ತೂಗುವ ವಸ್ತು ಸ್ವಾಮಿ ಅದು. ಇನ್ಯಾವುದೋ ಕಲ್ಲು ಬಂದು ಗುದ್ದಿತು, ಚೂರು ಹಾರಿತು ಅಂದಿದ್ರೆ ಥಟ್ಟನೆ ಒಪ್ಪುತ್ತಿದ್ದೆ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಗುಂಡುಕಲ್ಲು
ತಾಕತ್ತು ಇಲ್ಲ, ಸಮಯ ಇದೆ. ಅಷ್ಟೇ ಉತ್ತರ.

ಅರೆನಿದ್ದೆ
ಇದು ಉತ್ತರ ಆಗಲಿಲ್ಲವಲ್ಲ. ಎಷ್ಟು ತಾಕತ್ತು, ಎಷ್ಟು ಸಮಯ ಅಂತ ಹೇಳಿ.

ನೀಹಾರಿಕೆ
ನಾನು ಪ್ರಯತ್ನಿಸ್ತೇನೆ. ಕಲ್ಲಿನ ಮೇಲೆ ಬಿಸಿಲು ಬೀಳುತ್ತೆ, ಕಲ್ಲು ಕಾಯುತ್ತೆ, ಆಮೇಲೆ ಆ ಶಾಖವನ್ನು ಹೊರಗೆ ಬಿಡುತ್ತೆ. ಹೊರಗೆ ಹೋಗುವ ಶಾಖವೂ ಬೆಳಕೇ. ಅದು ಹೋಗುವಾಗ ಕಲ್ಲನ್ನು ಹಿಂದಕ್ಕೆ ಒಂದಿಷ್ಟು ತಳ್ಳುತ್ತೆ. ಕಲ್ಲು ನಯವಾದ ಗೋಲ ಆಗಿದ್ದರೆ ಎಲ್ಲಾ ಕಡೆಯ ತಳ್ಳಾಟ ಒಂದಕ್ಕೊಂದು ವಜಾ ಆಗಿಬಿಡುತ್ತಿತ್ತು. ಆದರೆ ಕ್ಷುದ್ರಗ್ರಹ ಅಂಕುಡೊಂಕು. ಒಂದು ಇಳಿಜಾರು ಈ ಕಡೆ, ಒಂದು ಬಂಡೆ ಆ ಕಡೆ. ಆಗ ತಳ್ಳಾಟ ಒಂದು ದಿಕ್ಕಿಗೆ ಚೂರು ಜಾಸ್ತಿ ಉಳಿಯುತ್ತೆ. ಕಾಗದದ ಗಿರಗಿಟ್ಟಲೆಯ ರೆಕ್ಕೆಗಳು ಒಂದೇ ಕಡೆಗೆ ಓರೆಯಾಗಿರೋದರಿಂದ ಗಾಳಿಗೆ ತಿರುಗುತ್ತಲ್ಲ, ಹಾಗೆ.

ಇದಕ್ಕೆ ಯಾರ್ಪ್ ಪರಿಣಾಮ ಅಂತಾರೆ. ಯಾರ್ಕೋವ್‌ಸ್ಕಿ, ಓ'ಕೀಫ್, ರಾಡ್ಜಿಯೆವ್‌ಸ್ಕಿ, ಪ್ಯಾಡಾಕ್ ಅನ್ನೋ ನಾಲ್ವರ ಹೆಸರಿನ ಮೊದಲಕ್ಷರ. ಆಕಾರ ನೋಡಿಕೊಂಡು ಇದು ತಿರುಗುವಿಕೆಯನ್ನು ಜೋರೂ ಮಾಡಬಹುದು, ನಿಧಾನವೂ ಮಾಡಬಹುದು.

ಲೆಕ್ಕದಮೇಷ್ಟ್ರು
ಅಂಕಿ ಕೇಳಿದ್ರಲ್ಲ, ತಗೊಳ್ಳಿ. 2.19 ಖಗೋಳಮಾನ ದೂರದಲ್ಲಿ ಒಂದು ಚದರ ಮೀಟರಿಗೆ ಬೀಳುವ ಬಿಸಿಲು ಸುಮಾರು 284 ವಾಟ್. ಭೂಮಿಯ ಹತ್ತಿರ ಇರೋದರ ಐದನೇ ಒಂದು ಭಾಗ. ಇದನ್ನು ಬೆಳಕಿನ ವೇಗದಿಂದ ಭಾಗಿಸಿದರೆ ಒತ್ತಡ ಸಿಗುತ್ತೆ. ಅದನ್ನು 720 ಮೀಟರ್ ಅಗಲದ ತಟ್ಟೆಯ ವಿಸ್ತೀರ್ಣಕ್ಕೆ ಗುಣಿಸಿ. ಇಡೀ ಡಿಂಕಿನೆಶ್ ಮೇಲೆ ಬಿಸಿಲಿನ ತಳ್ಳಾಟ ಒಟ್ಟು 0.4 ನ್ಯೂಟನ್. ಭೂಮಿಯ ಮೇಲೆ 40 ಗ್ರಾಂ ವಸ್ತುವಿನ ತೂಕ ಅಷ್ಟೇ ಅದು. ಕಲ್ಲನ್ನು ತಿರುಗಿಸೋಕೆ ಸಿಗೋದು ಅದರಲ್ಲೂ ಒಂದು ಸಣ್ಣ ಪಾಲು.

ಅರೆನಿದ್ದೆ
40 ಗ್ರಾಂ! ನೀವು ನನ್ನ ಪರವಾಗಿ ವಾದ ಮಾಡ್ತಿದ್ದೀರಿ ಮೇಷ್ಟ್ರೇ.

ಲೆಕ್ಕದಮೇಷ್ಟ್ರು
ಇನ್ನರ್ಧ ಕೇಳಿ. 54509 ಸಂಖ್ಯೆಯ ಒಂದು ಕ್ಷುದ್ರಗ್ರಹ ಇದೆ, ಭೂಮಿಯ ಹತ್ತಿರ ಓಡಾಡುವಂಥದ್ದು. ನೂರು ಮೀಟರಿಗಿಂತ ಸ್ವಲ್ಪ ದೊಡ್ಡದು. ಅದು ತನ್ನ ಸುತ್ತ ಒಂದು ಸುತ್ತು ತಿರುಗೋಕೆ 12 ನಿಮಿಷ ತಗೊಳ್ಳುತ್ತೆ. ಆ ಅವಧಿ ವರ್ಷಕ್ಕೆ ಒಂದು ಮಿಲಿಸೆಕೆಂಡಿನಷ್ಟು ಕಡಿಮೆ ಆಗ್ತಾ ಇದೆ. ವರ್ಷಾನುಗಟ್ಟಲೆ ದೂರದರ್ಶಕ, ರೇಡಾರ್ ಎರಡರಲ್ಲೂ ಅಳೆದು 2007ರಲ್ಲಿ ಪ್ರಕಟಿಸಿದರು. ಅಂದರೆ ಬಿಸಿಲು ಕಲ್ಲನ್ನು ತಿರುಗಿಸುತ್ತೆ ಅನ್ನೋದು ಬರೀ ಊಹೆ ಅಲ್ಲ, ಅಳತೆಗೆ ಸಿಕ್ಕ ಸಂಗತಿ.

ಈಗ ಅದನ್ನು ಡಿಂಕಿನೆಶ್‌ಗೆ ಹೊಂದಿಸೋಣ. ಗಾತ್ರ ಆರೇಳು ಪಟ್ಟು ದೊಡ್ಡದು, ಪರಿಣಾಮ ಗಾತ್ರದ ವರ್ಗದಷ್ಟು ಇಳಿಯುತ್ತೆ. ಸೂರ್ಯನಿಂದ ದೂರ ಎರಡು ಪಟ್ಟಿಗಿಂತ ಜಾಸ್ತಿ, ಅದೂ ವರ್ಗದಷ್ಟು ಇಳಿಸುತ್ತೆ. ಎರಡೂ ಸೇರಿ ಸುಮಾರು 200 ಪಟ್ಟು ನಿಧಾನ. ಆ ವೇಗದಲ್ಲಿ, ತಿರುಗದೇ ನಿಂತಿದ್ದ ಕಲ್ಲು ಚೂರು ಹಾರುವಷ್ಟು ಜೋರಾಗಿ ತಿರುಗೋಕೆ ಒಂದು ಕೋಟಿ ವರ್ಷದ ಆಸುಪಾಸು ಬೇಕು. ಆಕಾರ ಬೇರೆ ಆದರೆ ಐದು ಪಟ್ಟು ಹೆಚ್ಚು ಕಡಿಮೆ ಆಗಲಿ, ಪರವಾಗಿಲ್ಲ. ಸೌರಮಂಡಲದ ವಯಸ್ಸು 460 ಕೋಟಿ ವರ್ಷ. ಬೇಕಾದಷ್ಟು ಸಮಯ ಇದೆ.

ಗುಂಡುಕಲ್ಲು
ನಾನು ಒಂದು ಸಾಲಲ್ಲಿ ಹೇಳಿದ್ದು ಇದನ್ನೇ.

ಪ್ರಶ್ನೆಚಿಹ್ನೆ
"ಚೂರು ಹಾರುವಷ್ಟು ಜೋರು" ಅಂದ್ರೆ ಎಷ್ಟು? ಅದಕ್ಕೊಂದು ಮಿತಿ ಇದೆಯಾ?

ಲೆಕ್ಕದಮೇಷ್ಟ್ರು
ಇದೆ. ಅದು ಕಲ್ಲಿನ ಸಾಂದ್ರತೆಯ ಮೇಲೆ ನಿಂತಿರುತ್ತೆ, ಗಾತ್ರದ ಮೇಲಲ್ಲ. ಡಿಂಕಿನೆಶ್ ಸಾಂದ್ರತೆ ಘನ ಮೀಟರಿಗೆ ಸುಮಾರು 2400 ಕಿಲೋ. ಆ ಲೆಕ್ಕದಲ್ಲಿ ಒಂದು ಸುತ್ತಿಗೆ 2.1 ಗಂಟೆ. ಅದಕ್ಕಿಂತ ಬೇಗ ತಿರುಗಿದರೆ ಸಮಭಾಜಕದ ಮೇಲಿರುವ ಸಡಿಲ ಕಲ್ಲುಗಳಿಗೆ ಗುರುತ್ವದ ಹಿಡಿತ ಸಾಲದು, ಎದ್ದುಬಿಡ್ತವೆ. ಇನ್ನೂರು ಮೀಟರಿಗಿಂತ ದೊಡ್ಡ ಕ್ಷುದ್ರಗ್ರಹಗಳಲ್ಲಿ ಎರಡು ಗಂಟೆಗಿಂತ ಬೇಗ ತಿರುಗುವಂಥವು ತೀರಾ ಅಪರೂಪ. ಯಾಕೆ ಅಂದ್ರೆ ಅವೆಲ್ಲ ಗಟ್ಟಿ ಬಂಡೆಗಳಲ್ಲ, ಕಲ್ಲಿನ ರಾಶಿಗಳು.

ಬೈನಾಕ್ಯುಲರ್
ಈಗ ಡಿಂಕಿನೆಶ್ ಎಷ್ಟು ಗಂಟೆಗೆ ಒಂದು ಸುತ್ತು?

ನೀಹಾರಿಕೆ
3.74 ಗಂಟೆ.

ಅರೆನಿದ್ದೆ
ನೋಡಿ, ಅಲ್ಲೇ ಸಿಕ್ಕಿಬಿದ್ರಿ. 2.1 ಎಲ್ಲಿ, 3.74 ಎಲ್ಲಿ? ಆ ಮಿತಿಗೆ ಹತ್ತಿರವೂ ಇಲ್ಲ. ಹಾಗಿದ್ರೆ ಚೂರು ಹಾರಿದ್ದು ಹೇಗೆ?

ನೀಹಾರಿಕೆ
ಈಗ ಇಲ್ಲ, ಆಗ ಇತ್ತು. ಚೂರು ಹಾರಿ ಕಕ್ಷೆಗೆ ಸೇರಿದಾಗ ತಿರುಗುವ ರಭಸದ ಒಂದು ಪಾಲನ್ನು ತಾನೂ ಹೊತ್ತೊಯ್ಯುತ್ತೆ. ಆಮೇಲೆ ಚಂದ್ರ ನಿಧಾನಕ್ಕೆ ದೂರ ಸರಿದ ಹಾಗೆ ಕಲ್ಲು ಇನ್ನಷ್ಟು ನಿಧಾನ ಆಗುತ್ತೆ. ಬಿಸಿಲೂ ದಿಕ್ಕು ಬದಲಿಸಿ ನಿಧಾನ ಮಾಡಿರಬಹುದು, ಯಾಕಂದ್ರೆ ಚೂರು ಹಾರಿದ ಮೇಲೆ ಕಲ್ಲಿನ ಆಕಾರವೇ ಬೇರೆ.

ಅದಕ್ಕಿಂತ ಮುಖ್ಯ, ಚಿತ್ರ ನೋಡಿ. ನೇಚರ್ ಪತ್ರಿಕೆಯಲ್ಲಿ 2024ರ ಮೇ ತಿಂಗಳಲ್ಲಿ ಲೂಸಿ ತಂಡದ ಪ್ರಬಂಧ ಬಂತು. ಡಿಂಕಿನೆಶ್ ಮೈಮೇಲೆ ಎರಡು ಗುರುತು ಎದ್ದು ಕಾಣುತ್ತೆ. ಒಂದು, ಉದ್ದಕ್ಕೆ ಹಾದುಹೋಗಿರುವ ಕಂದಕ. ಇನ್ನೊಂದು, ಸಮಭಾಜಕದ ಗುಂಟ ಸೊಂಟಪಟ್ಟಿಯ ಜಾಗದಲ್ಲಿ ಎದ್ದಿರುವ ದಿಣ್ಣೆ. ಎರಡೂ ಅಡ್ಡ ಹಾಯುವ ಜಾಗದಲ್ಲಿ ದಿಣ್ಣೆ ಕಂದಕದ ಮೇಲೆ ಕೂತಿದೆ. ಅಂದ್ರೆ ಮೊದಲು ಕಂದಕ, ಆಮೇಲೆ ದಿಣ್ಣೆ. ಕಲ್ಲಿನ ಒಂದು ಭಾಗ ಕುಸಿದು ಜರುಗಿತು, ಕಂದಕ ಬಿತ್ತು, ಸರಕು ಹೊರಗೆ ಹಾರಿತು. ಅದರಲ್ಲಿ ಒಂದಿಷ್ಟು ಮೇಲೇ ಉಳಿದು ಚಂದ್ರ ಆಯಿತು, ಇನ್ನೊಂದಿಷ್ಟು ವಾಪಸ್ ಬಿದ್ದು ಸಮಭಾಜಕದಲ್ಲಿ ದಿಣ್ಣೆ ಕಟ್ಟಿತು. ಒಂದೇ ಘಟನೆಗೆ ಮೂರು ಸಾಕ್ಷಿ. ಯಾವುದೋ ಕಲ್ಲು ಬಂದು ಗುದ್ದಿದ್ದರೆ ಸರಿಯಾಗಿ ಸಮಭಾಜಕದ ಮೇಲೇ ಅಚ್ಚುಕಟ್ಟಾಗಿ ದಿಣ್ಣೆ ಏಳೋಕೆ ಕಾರಣ ಏನು ಹೇಳಿ?

ಅರೆನಿದ್ದೆ
ದಿಣ್ಣೆಯ ವಾದ ಗಟ್ಟಿ ಇದೆ, ಒಪ್ಪಿದೆ. ಆದರೂ ಕೊನೆಯ ಕುಸಿತಕ್ಕೆ ಒಂದು ಸಣ್ಣ ಡಿಕ್ಕಿ ನೆಪ ಆಗಿರಬಾರದು ಅಂತೇನಿಲ್ಲ ಅಲ್ವಾ? ಬಿಸಿಲು ಅಂಚಿನವರೆಗೆ ತಂದು ನಿಲ್ಲಿಸಿತು, ತಟ್ಟಿದ್ದು ಬೇರೆ ಯಾರೋ.

ಲೆಕ್ಕದಮೇಷ್ಟ್ರು
ಅದು ಸಾಧ್ಯ. ಅದಕ್ಕೆ ನನ್ನ ತಕರಾರಿಲ್ಲ.

ಹಳೇಗೆಲಿಲಿಯೊ
ಎಲ್ಲರೂ ತಿರುಗೋದರ ಬಗ್ಗೆ ಜಗಳ ಆಡ್ತಿದ್ದೀರಿ, ಸೆಲಾಮ್ ಚಿತ್ರ ಬಂದ ಕಥೆ ಯಾರೂ ಹೇಳಲಿಲ್ಲ. ಲೂಸಿ ಅಲ್ಲಿಗೆ ಹೋಗಿದ್ದು ಡಿಂಕಿನೆಶ್ ಮೇಲಿನ ಆಸೆಯಿಂದ ಅಲ್ಲ. ಅದರ ನಿಜವಾದ ಗುರಿ ಗುರುಗ್ರಹದ ಕಕ್ಷೆಯಲ್ಲೇ ಸೂರ್ಯನನ್ನು ಸುತ್ತುವ ಟ್ರೋಜನ್ ಕ್ಷುದ್ರಗ್ರಹಗಳು. ಡಿಂಕಿನೆಶ್ ಅನ್ನು ಪಟ್ಟಿಗೆ ಸೇರಿಸಿದ್ದೇ 2023ರ ಜನವರಿಯಲ್ಲಿ, ನೌಕೆ ಹೊರಟು ಒಂದು ವರ್ಷ ದಾಟಿದ ಮೇಲೆ. ಉದ್ದೇಶ ಒಂದೇ. ಹಾದುಹೋಗುವಾಗ ಗುರಿಯನ್ನು ಕ್ಯಾಮೆರಾ ತಾನಾಗಿಯೇ ಹಿಂಬಾಲಿಸುತ್ತಾ ಅಂತ ಪರೀಕ್ಷೆ ಮಾಡೋದು. ಆಗ ಆ ಕಲ್ಲಿಗೆ ಸರಿಯಾದ ಹೆಸರೂ ಇರಲಿಲ್ಲ. ಕ್ಷುದ್ರಗ್ರಹ ಹುಡುಕುವ ಲೀನಿಯರ್ ಅನ್ನೋ ಸಮೀಕ್ಷೆ ಕಂಡುಹಿಡಿದ ರಾಶಿ ಕಲ್ಲುಗಳಲ್ಲಿ ಅದೂ ಒಂದು, ಸಿಕ್ಕಿದ್ದು 1999ರ ನವೆಂಬರ್‌ನಲ್ಲಿ.

ಸೆಕೆಂಡಿಗೆ 4.5 ಕಿಲೋಮೀಟರ್ ವೇಗದಲ್ಲಿ, 430 ಕಿಲೋಮೀಟರ್ ದೂರದಿಂದ ಹಾದುಹೋಯಿತು. ಮೊದಲ ಚಿತ್ರಗಳು ಭೂಮಿಗೆ ಬಂದಾಗ ಕಲ್ಲಿನ ಹಿಂದಿನಿಂದ ಒಂದು ಸಣ್ಣ ಚಂದ್ರ ಇಣುಕುತ್ತಿತ್ತು. ಒಂದೇ ಒಂದು ಉಂಡೆ. ಎಲ್ಲರಿಗೂ ಸಂಭ್ರಮ. ಉಳಿದ ಚಿತ್ರಗಳು ಒಂದೊಂದಾಗಿ ಬರೋಕೆ ಕೆಲವು ದಿನ ಹಿಡಿಯಿತು. ಹತ್ತಿರ ಹೋಗಿ ಆರು ನಿಮಿಷ ಆದ ಮೇಲೆ, 1,630 ಕಿಲೋಮೀಟರ್ ದೂರದಿಂದ ಹಿಂತಿರುಗಿ ತೆಗೆದ ಚಿತ್ರದಲ್ಲಿ ನೋಡಿದರೆ ಆ ಚಂದ್ರವೇ ಎರಡು ಉಂಡೆ! ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಮೊದಲ ಚಿತ್ರದಲ್ಲಿ ಒಂದು ಉಂಡೆ ಇನ್ನೊಂದರ ಹಿಂದೆ ಸರಿಯಾಗಿ ಮರೆಯಾಗಿತ್ತು. ಆರು ನಿಮಿಷದಲ್ಲಿ ನೋಡುವ ಕೋನ ಬದಲಾಗಿ ಗುಟ್ಟು ಹೊರಬಿತ್ತು. ಹೀಗೆ ಅಂಟಿಕೊಂಡ ಜೋಡಿಯೇ ಇನ್ನೊಂದು ಕ್ಷುದ್ರಗ್ರಹಕ್ಕೆ ಚಂದ್ರ ಆಗಿರೋದು ಕಣ್ಣಿಗೆ ಬಿದ್ದಿದ್ದು ಅದೇ ಮೊದಲು.

ಧೂಮಕೇತು
ಸೆಲಾಮ್ ಉಂಡೆಗಳ ಗಾತ್ರ ಎಷ್ಟು?

ಹಳೇಗೆಲಿಲಿಯೊ
ಒಂದು 210 ಮೀಟರ್, ಇನ್ನೊಂದು 230 ಮೀಟರ್. ಹೆಚ್ಚು ಕಡಿಮೆ ಸಮಸಮ.

ಲೆಕ್ಕದಮೇಷ್ಟ್ರು
ಎರಡೂ ಸೇರಿದರೆ ಡಿಂಕಿನೆಶ್ ಘನಗಾತ್ರದ ನೂರಕ್ಕೆ ಆರು ಪಾಲು. 3.1 ಕಿಲೋಮೀಟರ್ ದೂರದಲ್ಲಿ 52.7 ಗಂಟೆಗೆ ಒಂದು ಸುತ್ತು ಹಾಕುತ್ತೆ. ಕಕ್ಷೆಯಲ್ಲಿ ಅದರ ವೇಗ ಲೆಕ್ಕ ಹಾಕಿದರೆ ಸೆಕೆಂಡಿಗೆ ಹತ್ತು ಸೆಂಟಿಮೀಟರ್. ತಮಾಷೆ ಅಲ್ಲ, ಹತ್ತೇ ಸೆಂಟಿಮೀಟರ್! ಇದೇ ದೂರ, ಇದೇ ಅವಧಿ ಇಟ್ಟುಕೊಂಡು ಜೋಡಿಯ ಒಟ್ಟು ತೂಕವೂ ಸಿಗುತ್ತೆ, ಸುಮಾರು 49 ಕೋಟಿ ಟನ್. ನಾನು ಮೇಲೆ ಹೇಳಿದ ಸಾಂದ್ರತೆ ಬಂದಿದ್ದು ಹೀಗೇ. ಚಂದ್ರ ಇಲ್ಲದೇ ಇದ್ದಿದ್ದರೆ ಒಂದು ಸಲ ಭರ್ರನೆ ಹಾದುಹೋದ ನೌಕೆಯಿಂದ ಇಷ್ಟು ಸಣ್ಣ ಕಲ್ಲಿನ ತೂಕ ತಿಳಿಯೋದು ಆಗದ ಮಾತು.

ನೀಹಾರಿಕೆ
ಆ ಸಾಂದ್ರತೆ ಇನ್ನೊಂದು ವಿಷಯ ಹೇಳುತ್ತೆ. ಡಿಂಕಿನೆಶ್ ಕಲ್ಲು ಜಾತಿಯದು, ಎಸ್ ವರ್ಗ. ಸಾಮಾನ್ಯ ಕಾಂಡ್ರೈಟ್ ಅನ್ನೋ ಕಲ್ಲಿನ ಉಲ್ಕಾಶಿಲೆಗಳು ಇಂಥ ಕ್ಷುದ್ರಗ್ರಹಗಳಿಂದಲೇ ಬರ್ತವೆ. ಜಪಾನಿನ ಹಯಾಬುಸಾ ನೌಕೆ ಇಟೊಕಾವಾ ಅನ್ನೋ ಎಸ್ ವರ್ಗದ ಕ್ಷುದ್ರಗ್ರಹದಿಂದ 2010ರಲ್ಲಿ ತಂದ ಧೂಳಿನಿಂದ ಇದು ಖಚಿತವಾಯಿತು. ಆ ಉಲ್ಕಾಶಿಲೆಗಳ ಸಾಂದ್ರತೆ 3300ಕ್ಕಿಂತ ಜಾಸ್ತಿ. ಡಿಂಕಿನೆಶ್ 2400. ಅಂದ್ರೆ ಒಳಗೆ ಕಾಲು ಭಾಗಕ್ಕಿಂತ ಹೆಚ್ಚು ಬರೀ ಸಂದು, ಖಾಲಿ ಜಾಗ.

ಬೈನಾಕ್ಯುಲರ್
ಸ್ವಲ್ಪ ಬೇರೆ ಪ್ರಶ್ನೆ. ಇದನ್ನು ನನ್ನ ಎಂಟಿಂಚಿನ ದೂರದರ್ಶಕದಲ್ಲಿ ನೋಡಬಹುದಾ?

ಧೂಮಕೇತು
ಇಲ್ಲ. ಅದರ ಹೊಳಪಿನ ಅಂಕಿ 19ರ ಆಸುಪಾಸು, ಅಂಕಿ ದೊಡ್ಡದಾದಷ್ಟೂ ಮಂಕು. ಎಂಟಿಂಚಿನಲ್ಲಿ ಕಣ್ಣಿಟ್ಟು ನೋಡಿದರೆ 13, ತುಂಬಾ ಕತ್ತಲೆ ಇದ್ದರೆ 14. ಅದರ ಬದಲು ಅದೇ ಪಟ್ಟಿಯ ದೊಡ್ಡವರಾದ ವೆಸ್ಟಾ, ಸೀರಿಸ್ ನೋಡಿ. ಪಕ್ಕದ ನಕ್ಷತ್ರಗಳನ್ನು ಕಾಗದದ ಮೇಲೆ ಗುರುತು ಹಾಕಿಕೊಂಡು ಮರುದಿನ ಮತ್ತೆ ನೋಡಿ. ಒಂದು ಚುಕ್ಕೆ ಮಾತ್ರ ಜಾಗ ಬದಲಿಸಿರುತ್ತೆ. ಅದರ ಖುಷಿಯೇ ಬೇರೆ.

ಪ್ರಶ್ನೆಚಿಹ್ನೆ
ಆ ಪಟ್ಟಿಯಲ್ಲಿ ಕಲ್ಲುಗಳು ಒತ್ತೊತ್ತಾಗಿ ಇರೋದಿಲ್ವಾ? ಲೂಸಿ ಹೇಗೆ ತಪ್ಪಿಸಿಕೊಂಡು ಹೋಯ್ತು?

ಗುಂಡುಕಲ್ಲು
ಸಿನಿಮಾದಲ್ಲಿ ಮಾತ್ರ ಒತ್ತೊತ್ತು. ಒಂದು ಕಿಲೋಮೀಟರಿಗಿಂತ ದೊಡ್ಡ ಕಲ್ಲು ಹತ್ತು ಲಕ್ಷಕ್ಕೂ ಹೆಚ್ಚು ಇವೆ, ನಿಜ. ಆದರೆ ಜಾಗ ವಿಪರೀತ ದೊಡ್ಡದು. ಎಲ್ಲವನ್ನೂ ಒಟ್ಟಿಗೆ ತೂಗಿದರೂ ನಮ್ಮ ಚಂದ್ರನ ತೂಕದ ನೂರಕ್ಕೆ ಮೂರು ಪಾಲು. ತಪ್ಪಿಸಿಕೊಳ್ಳೋದು ಕಷ್ಟವಲ್ಲ, ಒಂದರ ಹತ್ತಿರ ಹೋಗೋದೇ ಕಷ್ಟ. ಸರಿಯಾಗಿ ಲೆಕ್ಕ ಹಾಕಿ, ದಾರಿ ತಿದ್ದಿ ಹೋಗಬೇಕು.

ಹಳೇಗೆಲಿಲಿಯೊ
ಮೊದಲ ಸಲ ಹಾಗೆ ಹೋಗಿದ್ದು ಗೆಲಿಲಿಯೊ ನೌಕೆ. 1991ರ ಅಕ್ಟೋಬರ್ 29, ಗ್ಯಾಸ್ಪ್ರಾ ಅನ್ನೋ ಕಲ್ಲು. ಅದೂ ಎಸ್ ವರ್ಗ, ಉದ್ದ 18 ಕಿಲೋಮೀಟರ್. ನೌಕೆಯ ದೊಡ್ಡ ಆಂಟೆನಾ ಬಿಚ್ಚಿಕೊಳ್ಳದೆ ಸಿಕ್ಕಿಹಾಕಿಕೊಂಡಿತ್ತು. ಸಣ್ಣ ಆಂಟೆನಾದಲ್ಲಿ ಸೆಕೆಂಡಿಗೆ 40 ಬಿಟ್ ವೇಗದಲ್ಲಿ ಚಿತ್ರ ಕಳಿಸಬೇಕಾಯಿತು. 1993ರ ಆಗಸ್ಟ್‌ನಲ್ಲಿ ಇಡಾ ಪಕ್ಕ ಹೋಯಿತು. ಆ ಚಿತ್ರಗಳು ಇಳಿದು ಬರೋಕೆ ತಿಂಗಳುಗಟ್ಟಲೆ ಹಿಡಿಯಿತು. 1994ರ ಫೆಬ್ರವರಿಯಲ್ಲಿ ಅದರಲ್ಲೊಂದು ಚುಕ್ಕೆ ಕಂಡಿತು. ಅದೇ ಡ್ಯಾಕ್ಟಿಲ್, ಕ್ಷುದ್ರಗ್ರಹಕ್ಕೂ ಚಂದ್ರ ಇರುತ್ತೆ ಅಂತ ಕಣ್ಣಾರೆ ತೋರಿಸಿದ ಮೊದಲ ಚಂದ್ರ. ಈಗ ನೋಡಿದರೆ ಸಣ್ಣ ಕ್ಷುದ್ರಗ್ರಹಗಳಲ್ಲಿ ನೂರಕ್ಕೆ ಹದಿನೈದಕ್ಕೆ ಜೊತೆಗಾರ ಇದೆ.

ಅರೆನಿದ್ದೆ
ವಿಷಯಕ್ಕೆ ಬರೋಣ. ಸೆಲಾಮ್ ಎರಡು ಉಂಡೆ ಆಗಿದ್ದು ಹೇಗೆ? ಡಿಂಕಿನೆಶ್‌ನಿಂದ ಹಾರಿದ ಸರಕು ಒಂದೇ ಕಡೆ ಕೂಡಿ ಒಂದು ಗುಡ್ಡೆ ಆಗಬೇಕಿತ್ತಲ್ಲ. ಸಮಸಮ ಗಾತ್ರದ ಎರಡು ಉಂಡೆ ಅಂದ್ರೆ ನನಗೆ ಅನುಮಾನ ಬರುತ್ತೆ.

ನೀಹಾರಿಕೆ
ಹೆಚ್ಚಿನವರು ಹೇಳೋದು, ಎರಡೂ ಬೇರೆ ಬೇರೆ ಚಂದ್ರಗಳಾಗಿ ಹುಟ್ಟಿ ಆಮೇಲೆ ಮೆಲ್ಲಗೆ ಸೇರಿಕೊಂಡವು ಅಂತ. ಒಂದು ಸಲ ಸರಕು ಹಾರಿ ಒಂದು ಚಂದ್ರ, ಮತ್ತೊಂದು ಸಲ ಹಾರಿ ಇನ್ನೊಂದು. ಅಥವಾ ಒಂದೇ ಸಲ ಹಾರಿದ ಸರಕಿನಿಂದಲೇ ಎರಡು. ಮೇಷ್ಟ್ರು ಹೇಳಿದ ಆ ಹತ್ತು ಸೆಂಟಿಮೀಟರ್ ವೇಗ ನೆನಪಿಡಿ. ಅಲ್ಲಿ ಎಲ್ಲವೂ ಅಷ್ಟು ನಿಧಾನ. ಎರಡು ಚಂದ್ರಗಳು ತಾಗಿದರೂ ಒಡೆದು ಪುಡಿ ಆಗಲ್ಲ, ಒರಗಿ ನಿಲ್ತವೆ.

ಗುಂಡುಕಲ್ಲು
ನನಗೆ ಅನಿಸೋದು ಬೇರೆ. ಒಂದೇ ದೊಡ್ಡ ಚಂದ್ರ ಇತ್ತು, ಅದನ್ನೂ ಬಿಸಿಲು ತಿರುಗಿಸಿ ಎರಡು ಹೋಳು ಮಾಡಿತು, ಆಮೇಲೆ ಎರಡೂ ವಾಪಸ್ ಸೇರಿದವು.

ನೀಹಾರಿಕೆ
ಸೆಲಾಮ್ ಒಂದೇ ಮುಖವನ್ನು ಡಿಂಕಿನೆಶ್ ಕಡೆ ಇಟ್ಟುಕೊಂಡು ಸುತ್ತುತ್ತೆ. ಒಂದು ಸುತ್ತು ತಿರುಗೋಕೂ ಅದೇ 52.7 ಗಂಟೆ. ಹಾಗೆ ಕಟ್ಟಿಹಾಕಿದ ಚಂದ್ರವನ್ನು ಬಿಸಿಲು ಎರಡು ಗಂಟೆಯ ಮಿತಿಯವರೆಗೆ ತಿರುಗಿಸೋದು ಸುಲಭ ಅಲ್ಲ. ಪ್ರತಿ ಸಲವೂ ಡಿಂಕಿನೆಶ್‌ನ ಗುರುತ್ವ ಎಳೆದು ನಿಲ್ಲಿಸುತ್ತೆ.

ಗುಂಡುಕಲ್ಲು
ಕಟ್ಟಿಹಾಕೋ ಮುಂಚೆ ಆಗಿದ್ದಿರಬಹುದಲ್ಲ? ಮೊದಲಿಂದಲೂ ಹಾಗೇ ಕಟ್ಟಿಹಾಕಿತ್ತು ಅಂತ ಯಾರು ಹೇಳಿದ್ದು?

ಲೆಕ್ಕದಮೇಷ್ಟ್ರು
ಒಂದು ಪರೀಕ್ಷೆ ಇದೆ. ಹೋಳಾದ ಚಂದ್ರ ಆಗಿದ್ದರೆ ಎರಡೂ ಉಂಡೆಯ ಮೈ ಒಂದೇ ವಯಸ್ಸಿನದಾಗಿರಬೇಕು. ಬೇರೆ ಬೇರೆ ಸಲ ಹುಟ್ಟಿದ್ದರೆ ಕುಳಿಗಳ ಸಂಖ್ಯೆ ಬೇರೆ ಇರಬೇಕು, ಹಳೆಯ ಮೈಮೇಲೆ ಕುಳಿ ಜಾಸ್ತಿ. ಲೂಸಿ ಚಿತ್ರದಲ್ಲಿ ಸೆಲಾಮ್ ಅಷ್ಟೇನೂ ದೊಡ್ಡದಾಗಿ ಬಂದಿಲ್ಲ, ಸಣ್ಣ ಕುಳಿ ಎಣಿಸೋದು ಕಷ್ಟ. ಹಾಗಾಗಿ ಈ ಜಗಳ ಅದೇ ಚಿತ್ರಗಳನ್ನು ಇಟ್ಟುಕೊಂಡು ಮುಗಿಯೋದಲ್ಲ.

ಧೂಮಕೇತು
ಹೋಲಿಸೋಕೆ ಇನ್ನೊಂದು ಜೋಡಿ ಇದೆಯಲ್ಲ, ಡಿಡಿಮಾಸ್ ಅನ್ನೋ ಕ್ಷುದ್ರಗ್ರಹ ಮತ್ತು ಅದರ ಚಂದ್ರ ಡೈಮಾರ್ಫಸ್. ಡಿಡಿಮಾಸ್ ಕೂಡ ಎಸ್ ವರ್ಗ, ಗಾತ್ರವೂ ಡಿಂಕಿನೆಶ್‌ನಷ್ಟೇ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಬೇಕಂತಲೇ ಗುದ್ದಿದ್ದು ಡೈಮಾರ್ಫಸ್‌ಗೆ. ಅದರ ಸುತ್ತುವ ಅವಧಿ 33 ನಿಮಿಷ ಕಡಿಮೆ ಆಯಿತು. ಆದರೆ ಡಿಡಿಮಾಸ್ 2.26 ಗಂಟೆಗೆ ಒಂದು ಸುತ್ತು ತಿರುಗುತ್ತೆ, ಮಿತಿಯ ಅಂಚಿನಲ್ಲೇ ಇದೆ. ಡಿಂಕಿನೆಶ್ ಆಗಲೇ ನಿಧಾನ ಆಗಿಬಿಟ್ಟಿದೆ. ಒಂದೇ ಕಥೆಯ ಎರಡು ಹಂತ ಇದ್ದ ಹಾಗಿದೆ. ಡೈಮಾರ್ಫಸ್ ನೋಡೋಕೆ ಹೇರಾ ನೌಕೆ 2024ರ ಅಕ್ಟೋಬರ್‌ನಲ್ಲೇ ಹೊರಟಿದೆ.

ಅರೆನಿದ್ದೆ
ಇದು ನನಗೆ ಇಷ್ಟವಾಯಿತು. ಒಂದು ಭೂಮಿಯ ಹತ್ತಿರ, ಒಂದು ಮುಖ್ಯ ಪಟ್ಟಿಯಲ್ಲಿ. ಎರಡೂ ಒಂದೇ ಥರ ನಡೆದುಕೊಂಡರೆ ಹತ್ತಿರ ಹಾದುಹೋಗುವ ಗ್ರಹಗಳ ಎಳೆತಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಆಗುತ್ತೆ. ಬಿಸಿಲೇ ಉಳಿಯೋದು.

ನೀಹಾರಿಕೆ
ಅದೇ ಈ ಕಲ್ಲಿನ ದೊಡ್ಡ ಲಾಭ. ಮೊದಲು ನೌಕೆಗಳು ಹೋಗಿ ನೋಡಿದ ಇಟೊಕಾವಾ, ಬೆನ್ನು, ರ್ಯುಗು ಅನ್ನೋ ಸಣ್ಣ ಕ್ಷುದ್ರಗ್ರಹಗಳೆಲ್ಲವೂ ಭೂಮಿಯ ಹತ್ತಿರ ಬರುವಂಥವು, ಹುಟ್ಟಿದ ಮನೆ ಬಿಟ್ಟು ಬಂದವು. ಇಷ್ಟು ಸಣ್ಣ ಕಲ್ಲನ್ನು ಮುಖ್ಯ ಪಟ್ಟಿಯಲ್ಲೇ ಹೋಗಿ ನೋಡಿದ್ದು ಡಿಂಕಿನೆಶ್‌ನಲ್ಲೇ ಮೊದಲು. ಕ್ಯಾಮೆರಾ ಪರೀಕ್ಷೆಗೆ ಅಂತ ಮಾತ್ರ ಇಟ್ಟುಕೊಂಡಿದ್ದ ಕಲ್ಲಿನಿಂದ ಇಷ್ಟೆಲ್ಲ ಸಿಕ್ಕಿತು. ಮುಂದೆ ಯಾವ ನೌಕೆ ಆ ಪಟ್ಟಿ ದಾಟಿ ಹೋದರೂ ದಾರಿಯಲ್ಲಿ ಒಂದು ಸಣ್ಣ ಕಲ್ಲಿನ ಹತ್ತಿರ ಹಾದುಹೋಗುವ ಹಾಗೆ ಮಾಡಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆಚಿಹ್ನೆ
ಅದಕ್ಕೆ ಇಂಧನ ಖರ್ಚಾಗಲ್ವಾ? ಮುಖ್ಯ ಗುರಿಗೆ ಕಡಿಮೆ ಬಿದ್ದರೆ?

ಹಳೇಗೆಲಿಲಿಯೊ
ದಾರಿ ಹೇಗೂ ಹತ್ತಿರದಲ್ಲೇ ಇದ್ದರೆ ಸಣ್ಣ ತಿದ್ದುಪಡಿ ಸಾಕು. ಲೂಸಿ ಆಮೇಲೆ 2025ರ ಏಪ್ರಿಲ್ 20ರಂದು ಡೊನಾಲ್ಡ್‌ಜೊಹಾನ್ಸನ್ ಪಕ್ಕವೂ ಹೋಯಿತು. ಅದೂ ಎರಡು ಉಂಡೆ ಅಂಟಿಕೊಂಡಿರೋದೇ, ಉದ್ದ ಎಂಟು ಕಿಲೋಮೀಟರ್. 2027ರ ಆಗಸ್ಟ್‌ನಲ್ಲಿ ಮೊದಲ ಟ್ರೋಜನ್, ಯೂರಿಬೇಟಿಸ್. ಅದಕ್ಕೂ ಕ್ವೆಟಾ ಅಂತ ಚಂದ್ರ ಇದೆ.

ಧೂಮಕೇತು
ಆಮೇಲೆ ಪಾಲಿಮೀಲಿ. ಅದಕ್ಕೂ ಚಂದ್ರ ಇರೋದು 2022ರ ಮಾರ್ಚ್‌ನಲ್ಲಿ ಗೊತ್ತಾಗಿದ್ದು ನೌಕೆಯಿಂದ ಅಲ್ಲ, ನೆಲದ ಮೇಲೆ ನಿಂತವರಿಂದ. ಪಾಲಿಮೀಲಿ ಒಂದು ನಕ್ಷತ್ರದ ಮುಂದೆ ಹಾದುಹೋಗುವಾಗ ಬೇರೆ ಬೇರೆ ಜಾಗದಲ್ಲಿ ದೂರದರ್ಶಕ ಇಟ್ಟುಕೊಂಡು ನಕ್ಷತ್ರ ಮರೆಯಾಗುವ ಸಮಯ ಅಳೆದರು. ಇಬ್ಬರಿಗೆ ನಕ್ಷತ್ರ ಮರೆಯಾಗಿದ್ದು ಪಾಲಿಮೀಲಿಯಿಂದ ಅಲ್ಲ, ಅದರಿಂದ 200 ಕಿಲೋಮೀಟರ್ ಆಚೆ ಇದ್ದ ಇನ್ನೊಂದರಿಂದ.

ಬೈನಾಕ್ಯುಲರ್
ಇದನ್ನು ಎಂಟಿಂಚಿನ ದೂರದರ್ಶಕದಲ್ಲಿ ಮಾಡಬಹುದಾ?

ಧೂಮಕೇತು
ಖಂಡಿತ. ಕ್ಷುದ್ರಗ್ರಹ ನಿಮಗೆ ಕಾಣಬೇಕಾಗಿಲ್ಲ, ನಕ್ಷತ್ರ ಕಂಡರೆ ಸಾಕು. ಬೇಕಾಗಿರೋದು ವಿಡಿಯೋ ತೆಗೆಯುವ ಕ್ಯಾಮೆರಾ, ಜಿಪಿಎಸ್‌ನಿಂದ ನಿಖರ ಸಮಯ, ಮತ್ತೆ ನೆರಳು ಹಾಯುವ ಪಟ್ಟಿಯೊಳಗೆ ನೀವಿರೋದು. ಯಾವ ನಕ್ಷತ್ರದ ಮುಂದೆ ಯಾವ ಕ್ಷುದ್ರಗ್ರಹ ಯಾವಾಗ ಬರುತ್ತೆ ಅನ್ನೋ ಮುನ್ಸೂಚನೆ ಮೊದಲೇ ಸಿಗುತ್ತೆ. ಮೊದಲ ಸಲಕ್ಕೆ ಹತ್ತನೇ ಹೊಳಪಿಗಿಂತ ಪ್ರಕಾಶದ ನಕ್ಷತ್ರ ಆರಿಸಿಕೊಳ್ಳಿ. ನಿಮ್ಮ ಕ್ಯಾಮೆರಾ ಯಾವುದು ಅಂತ ಹೇಳಿ, ಸಮಯ ಹೇಗೆ ಹೊಂದಿಸೋದು ಅಂತ ಬರೀತೇನೆ.